ಫಾರ್ವರ್ಡ್ ಚಿತ್ರದಿಂದ ಮ್ಯೂಸಿಯಂ ಬಾಗಿಲಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್‌ನಲ್ಲಿ ಒಳ್ಳೆಯ ಚಿತ್ರ, ಹಳೆಯ ಪುಸ್ತಕ, ಶಾಸನ, ಆಕಾಶದ ಫೋಟೋ ಹುಡುಕುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳು ಇವು. ಉತ್ತರಗಳಲ್ಲಿ ಒಂದು ಮಾತು ತಿರುತಿರುಗಿ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇವೆ: ಚಿತ್ರ ಕೈಗೆ ಸಿಕ್ಕರೆ ಅರ್ಧ ಕೆಲಸ ಅಷ್ಟೇ, ಅದರ ದಾಖಲೆಯ ಪುಟ ಸಿಗಬೇಕು, ಅಂದರೆ ಅದನ್ನು ಇಟ್ಟುಕೊಂಡಿರುವ ಸಂಸ್ಥೆ ಅದರ ವಿವರ ಬರೆದಿಟ್ಟ ಪುಟ.

ರೀಲ್ಸ್ ನೋಡಿ ನೋಡಿ ಸಾಕಾಗಿದೆ. ನಿಜವಾಗಿ ಏನಾದರೂ ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಒಂದೇ ಒಂದು ಚಿತ್ರದಿಂದ. ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ 2022ರಲ್ಲಿ ರೆಂಬ್ರಾಂಟನ 'ನೈಟ್ ವಾಚ್' ಚಿತ್ರದ 717 ಗಿಗಾಪಿಕ್ಸೆಲ್ (71,700 ಕೋಟಿ ಚುಕ್ಕಿಗಳ) ಪ್ರತಿಯನ್ನು ತನ್ನ ವೆಬ್‌ಸೈಟಿಗೆ ಹಾಕಿತು. 1642ರ ಈ ದೊಡ್ಡ ಕ್ಯಾನ್ವಾಸನ್ನು ತುಂಡು ತುಂಡಾಗಿ 8,439 ಫೋಟೋ ತೆಗೆದು ಜೋಡಿಸಿದ್ದಾರೆ. ಒಂದು ಪಿಕ್ಸೆಲ್ಲಿಗೂ ಮುಂದಿನದಕ್ಕೂ ನಡುವೆ 5 ಮೈಕ್ರೊಮೀಟರ್. ತಲೆಗೂದಲ ಒಂದು ಎಳೆಯ ದಪ್ಪದಲ್ಲಿ ಹತ್ತಕ್ಕೂ ಹೆಚ್ಚು ಪಿಕ್ಸೆಲ್ ಕೂರುತ್ತವೆ.

ಮಧ್ಯದಲ್ಲಿ ಕಪ್ಪು ಉಡುಪಿನ ಕ್ಯಾಪ್ಟನ್, ಅವನ ಪಕ್ಕ ಹಳದಿ ಉಡುಪಿನ ಲೆಫ್ಟಿನೆಂಟ್ ಇದ್ದಾರೆ. ಮುಂದೆ ಚಾಚಿದ ಕ್ಯಾಪ್ಟನ್ ಕೈಯ ನೆರಳು ಹಳದಿ ಅಂಗಿಯ ಮೇಲೆ ಬಿದ್ದಿದೆ. ಅಲ್ಲಿಗೆ ಝೂಮ್ ಮಾಡಿ, ಹಾಗೇ ಅಂಗಿಯ ಅಂಚಿನ ಕಸೂತಿಗೆ ಬನ್ನಿ. ದೂರದಿಂದ ಜರಿಯಂತೆ ಕಂಡದ್ದು ಹತ್ತಿರ ಹೋದಂತೆ ಬರೀ ಬಣ್ಣದ ಮುದ್ದೆ. ದಪ್ಪಗೆ ಮೆತ್ತಿದ್ದಾನೆ, ಎದ್ದು ನಿಂತಿದೆ, ಮೇಲೆಲ್ಲ ಸಣ್ಣ ಬಿರುಕು. ಜರಿ ಎಲ್ಲಿ ಮಾಯವಾಗಿ ಬಣ್ಣ ಎಲ್ಲಿ ಶುರುವಾಗುತ್ತದೆ ಎಂದು ಝೂಮ್ ಹಿಂದೆ ಮುಂದೆ ಮಾಡುತ್ತ ಹುಡುಕಿ. ಹತ್ತು ನಿಮಿಷ ಹೋದದ್ದು ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ: 1715ರಲ್ಲಿ ಚಿತ್ರವನ್ನು ಬೇರೆ ಕಟ್ಟಡಕ್ಕೆ ಸಾಗಿಸುವಾಗ ಗೋಡೆಗೆ ಹೊಂದಲಿಲ್ಲವೆಂದು ನಾಲ್ಕೂ ಕಡೆ ಕತ್ತರಿಸಿದರು. ಹೆಚ್ಚು ಹೋದದ್ದು ಎಡಗಡೆ, ಸುಮಾರು 60 ಸೆಂಟಿಮೀಟರ್. ಇದು ತಿಳಿದ ಮೇಲೆ ಎಡ ಅಂಚು ಯಾಕೆ ಇಕ್ಕಟ್ಟು ಅನ್ನಿಸುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ.

ಇಷ್ಟು ದೊಡ್ಡ ಚಿತ್ರ ತೆರೆದರೆ ಫೋನಿನ ಡೇಟಾ ಖಾಲಿಯಾಗುವುದಿಲ್ಲವೇ?

ಇಲ್ಲ. ಇಂಥ ವೀಕ್ಷಕಗಳು ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದಿಟ್ಟು, ನಿಮ್ಮ ಪರದೆಯಲ್ಲಿ ಕಾಣುವಷ್ಟನ್ನು ಮಾತ್ರ ಕಳಿಸುತ್ತವೆ. ಗೂಗಲ್ ಮ್ಯಾಪ್ ನಡೆಯುವುದೂ ಹೀಗೇ. ಡೇಟಾ ತಿನ್ನುವುದು ಡೌನ್‌ಲೋಡ್. ಒಂದು ಟಿಫ್ ಫೈಲ್ ನೂರು ಎಂಬಿ ದಾಟುವುದು ಮಾಮೂಲು, ಅದಕ್ಕೆ ವೈಫೈ ಇರುವಲ್ಲಿಗೆ ಹೋಗಿ.

ವಾಟ್ಸಾಪಿನಲ್ಲಿ ಚೆಂದದ ಚಿತ್ರ ಬಂದಿದೆ, ಹೆಸರಿಲ್ಲ ಊರಿಲ್ಲ. ಯಾರು ಬರೆದದ್ದು ಎಂದು ಪತ್ತೆ ಮಾಡುವುದು ಹೇಗೆ?

ಮೊದಲು ಚಿತ್ರವನ್ನು ಗ್ಯಾಲರಿಗೆ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ಮೇಲಿನ ಕೆಳಗಿನ ಪಟ್ಟಿಗಳೆಲ್ಲ ಸೇರಿಕೊಂಡು ಹುಡುಕಾಟ ದಾರಿ ತಪ್ಪುತ್ತದೆ. ಆಮೇಲೆ ಗೂಗಲ್ ಲೆನ್ಸ್‌ಗೆ ಕೊಡಿ. ಅದು 'ಹೀಗೇ ಕಾಣುವ' ಚಿತ್ರಗಳನ್ನೂ ರಾಶಿ ಹಾಕುತ್ತದೆ. ಅದೇ ಚಿತ್ರ ಬೇಕಿದ್ದರೆ ಟಿನ್‌ಐ ಎಂಬ ಚಿತ್ರ ಹುಡುಕುವ ತಾಣ ವಾಸಿ. ಫಲಿತಾಂಶಗಳನ್ನು ಹಳೆಯದು ಮೊದಲು ಎಂದು ಜೋಡಿಸುವ ಸೌಲಭ್ಯ ಅದರಲ್ಲಿದೆ, ಆ ಚಿತ್ರ ಮೊಟ್ಟಮೊದಲು ಎಲ್ಲಿ ಕಂಡಿತು ಎಂಬುದರ ಸುಳಿವು ಅಲ್ಲೇ ಸಿಗುತ್ತದೆ.

ಸಿಕ್ಕ ಪಟ್ಟಿಯಲ್ಲಿ ಪಿಂಟ್ರೆಸ್ಟ್, ವಾಲ್‌ಪೇಪರ್ ಸೈಟುಗಳನ್ನು ದಾಟಿ ಮುಂದೆ ಹೋಗಿ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ, ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ಮ್ಯೂಸಿಯಂ, ಗ್ರಂಥಾಲಯ, ಇಲ್ಲವೇ ವಿಕಿಮೀಡಿಯ ಕಾಮನ್ಸ್ (ವಿಕಿಪೀಡಿಯದ ಚಿತ್ರಭಂಡಾರ) ಕಂಡರೆ ನಿಲ್ಲಿ. ಕಾಮನ್ಸ್ ಪುಟದ ಕೆಳಭಾಗದ ಕೋಷ್ಟಕದಲ್ಲಿ ಸಂಗ್ರಹ ಸಂಖ್ಯೆ (ಸಂಸ್ಥೆ ಆ ವಸ್ತುವಿಗೆ ಕೊಟ್ಟ ಗುರುತು) ಮತ್ತು ಮೂಲ ಎಂಬ ಎರಡು ಸಾಲುಗಳಿರುತ್ತವೆ. ಮೂಲದ ಕೊಂಡಿ ಒತ್ತಿದರೆ ಚಿತ್ರ ಇಟ್ಟುಕೊಂಡಿರುವ ಸಂಸ್ಥೆಯ ದಾಖಲೆ ಪುಟ. ಅಲ್ಲಿಗೆ ತಲುಪಿದಿರಿ ಎಂದರೆ ಕೆಲಸ ಮುಗಿಯಿತು.

ಏನೂ ಸಿಗದಿದ್ದರೆ ಸಾಮಾನ್ಯವಾಗಿ ಕಾರಣ ಎರಡು. ಯಾರೋ ಎಡಬಲ ತಿರುಗಿಸಿ ಹಾಕಿರುತ್ತಾರೆ, ಫೋನಿನ ಎಡಿಟರಿನಲ್ಲಿ ಮತ್ತೆ ತಿರುಗಿಸಿ ಹುಡುಕಿ. ಇಲ್ಲವೇ ಅಂಚು ಕತ್ತರಿಸಿ ನಡುವೆ 'ಶುಭೋದಯ' ಬರೆದಿರುತ್ತಾರೆ. ಬರಹವಿಲ್ಲದ ಭಾಗವನ್ನಷ್ಟೇ ಕತ್ತರಿಸಿಕೊಂಡು ಕೊಡಿ.

ದಾಖಲೆ ಪುಟದಲ್ಲಿ ನೋಡುವುದಕ್ಕೆ ಏನಿರುತ್ತದೆ? ಬರೀ ಅಂಕಿಸಂಖ್ಯೆ ಅಲ್ಲವೇ?

ಟಿಪ್ಪುವಿನ ಹುಲಿಯನ್ನೇ ತೆಗೆದುಕೊಳ್ಳಿ. ಬಿದ್ದ ಯುರೋಪಿಯನ್ ಸಿಪಾಯಿಯ ಮೇಲೆ ಎರಗಿದ ಹುಲಿ, ಬಣ್ಣ ಬಳಿದ ಮರದ ಬೊಂಬೆ. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಸಂಗ್ರಹ ಸಂಖ್ಯೆ 2545(ಐಎಸ್). ಕೊನೆಯ ಎರಡಕ್ಷರ ಭಾರತ ವಿಭಾಗದ ಗುರುತು. ಆ ಸಂಖ್ಯೆಯನ್ನು ಮ್ಯೂಸಿಯಂ ಸೈಟಿನ ಹುಡುಕುವ ಜಾಗದಲ್ಲಿ ಹಾಕಿದರೆ ನೇರ ಆ ಪುಟ. 'ಟಿಪ್ಪು' ಎಂದು ಹಾಕಿದರೆ ಕತ್ತಿ, ಚಿತ್ರ, ನಾಣ್ಯ ಎಲ್ಲ ಜೊತೆಗೆ ಬರುತ್ತವೆ.

ಪುಟ ಓದಿದರೆ ತಿಳಿಯುತ್ತದೆ, ಇದು ಬರೀ ಬೊಂಬೆಯಲ್ಲ, ವಾದ್ಯ. ಪಕ್ಕದ ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಏಳುತ್ತದೆ, ಇಳಿಯುತ್ತದೆ. ಒಳಗಿನ ತಿದಿ ಗಾಳಿ ಊದಿ ಅವನ ನರಳಿಕೆಯನ್ನೂ ಹುಲಿಯ ಗುರುಗುಟ್ಟುವಿಕೆಯನ್ನೂ ಹೊರಡಿಸುತ್ತದೆ. ಹುಲಿಯ ಪಕ್ಕೆಯ ಮುಚ್ಚಳ ತೆಗೆದರೆ ಒಳಗೆ 18 ಸ್ವರಗಳ ಪುಟ್ಟ ಆರ್ಗನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಸೇರಿ, 1808ರ ಹೊತ್ತಿಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನ ನೋಡಲು ಇಟ್ಟಾಗಿತ್ತು. ಫಾರ್ವರ್ಡ್ ಚಿತ್ರದಲ್ಲಿ ಇದರಲ್ಲಿ ಒಂದಾದರೂ ಕಾಣುತ್ತದೆಯೇ?

ದಾಖಲೆ ಬರೆಯುವವರ ಮಾತಿಗೂ ಒಂದು ಲೆಕ್ಕವಿದೆ. ಕಲಾವಿದನ ಹೆಸರಿನ ಹಿಂದೆ 'ಅಟ್ರಿಬ್ಯೂಟೆಡ್ ಟು' ಇದ್ದರೆ, ಅವನದೇ ಇರಬೇಕೆಂದು ಬಲ್ಲವರ ಅಂದಾಜು, ಸಹಿ ಇಲ್ಲ. 'ವರ್ಕ್‌ಶಾಪ್ ಆಫ್' ಅಂದರೆ ಅವನ ಕಾರ್ಖಾನೆಯಲ್ಲಿ ಆದದ್ದು, ಅವನು ಕುಂಚ ಮುಟ್ಟಿರಲೂಬಹುದು, ಇರದೆಯೂ ಇರಬಹುದು. 'ಆಫ್ಟರ್' ಇದ್ದರೆ ಬೇರೆ ಯಾರೋ ಮಾಡಿದ ನಕಲು. ಈ ಕೊನೆಯ ಪದ ನೋಡದೆ ನಕಲನ್ನು ಮೂಲವೆಂದು ಹಂಚಿದವರು ಲೆಕ್ಕವಿಲ್ಲದಷ್ಟು.

ಹೊರದೇಶದ ಮ್ಯೂಸಿಯಂಗಳಲ್ಲಿ 'ಕರ್ನಾಟಕ' ಎಂದು ಹುಡುಕಿದರೆ ಏನೂ ಬರುವುದಿಲ್ಲ. ಯಾಕೆ?

ಆ ದಾಖಲೆಗಳಲ್ಲಿ ಬಹಳಷ್ಟನ್ನು ಬರೆದಾಗ ರಾಜ್ಯಕ್ಕೆ ಆ ಹೆಸರೇ ಇರಲಿಲ್ಲ. ಕರ್ನಾಟಕ ಎಂದಾದದ್ದು 1973ರಲ್ಲಿ. ಹಳೆಯ ಇಂಗ್ಲಿಷ್ ಕಾಗುಣಿತದಲ್ಲೇ ಹುಡುಕಬೇಕು. ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಮ್, ಕೊಡಗಿಗೆ ಕೂರ್ಗ್, ಕರಾವಳಿಗೆ ಕೆನರಾ (ಸಿ ಅಕ್ಷರದಿಂದಲೂ ಕೆ ಅಕ್ಷರದಿಂದಲೂ), ಕನ್ನಡ ಭಾಷೆಗೆ ಕ್ಯಾನರೀಸ್, ವಿಜಯಪುರಕ್ಕೆ ಬೀಜಾಪುರ್. ಹಂಪಿಗೆ ವಿಜಯನಗರವನ್ನು ವಿ ಅಕ್ಷರದಿಂದ ಒಮ್ಮೆ, ಬಿ ಅಕ್ಷರದಿಂದ ಬಿಜಾನಗರ್ ಎಂದು ಇನ್ನೊಮ್ಮೆ ಹಾಕಿ ನೋಡಿ.

ಬಿಜಾಪುರದ ಚಿತ್ರಕಲೆಗೆ 'ಡೆಕ್ಕನ್' ಎಂಬುದು ಹೆಬ್ಬಾಗಿಲು. ಮ್ಯೂಸಿಯಂಗಳು ಬಿಜಾಪುರ, ಗೋಲ್ಕೊಂಡ, ಅಹ್ಮದ್‌ನಗರ ಮೂರನ್ನೂ ಅದರಡಿ ಇಡುತ್ತವೆ. ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ, ಮೈನಾ ಹಕ್ಕಿಯನ್ನು ಕೈಯಲ್ಲಿ ಹಿಡಿದ ಯೋಗಿನಿಯ ಚಿತ್ರ 17ನೇ ಶತಮಾನದ ಆರಂಭದ ಬಿಜಾಪುರದ್ದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಷಾ ಕೈಯಲ್ಲಿ ಚಿಟಿಕೆತಾಳ ಹಿಡಿದು ನಿಂತ ಚಿತ್ರವಿದೆ. ಸಂಗೀತದ ಹುಚ್ಚಿನ ಸುಲ್ತಾನನಿಗೆ ಅದಕ್ಕಿಂತ ಒಪ್ಪುವ ಭಂಗಿ ಇಲ್ಲ.

ಇದು ನಿಜವಾದ ಹಳೇ ಫೋಟೋನೋ, ಎಐ ಮಾಡಿದ್ದೋ?

ಈಗ ಹೆಚ್ಚು ಬರುವ ಪ್ರಶ್ನೆ ಇದೇ. 'ಹಂಪಿ, 1850' ಎಂದು ಬರೆದ ಕಲ್ಲಿನ ರಥದ ಫೋಟೋ ಬಂತು ಅಂದುಕೊಳ್ಳಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಹಂಪಿಯನ್ನು ಚಿತ್ರಿಸಿದ್ದಾನೆ. ಅವನ ಚಿತ್ರದಲ್ಲಿ ಕಲ್ಲಿನ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರವಿದೆ. ಆಮೇಲೆ ಅದನ್ನು ತೆಗೆದುಹಾಕಿದರು, ಇವತ್ತು ಐವತ್ತು ರೂಪಾಯಿ ನೋಟಿನ ಮೇಲೆ ಕಾಣುವ ರಥಕ್ಕೆ ಗೋಪುರವಿಲ್ಲ. ಹಾಗಾದರೆ 1850ರ ಹೆಸರಿನಲ್ಲಿ ಬಂದ ಫೋಟೋದಲ್ಲಿ ಗೋಪುರ ಇಲ್ಲದಿದ್ದರೆ? ಇಸವಿ ಸುಳ್ಳು, ಇಲ್ಲವೇ ಚಿತ್ರವೇ ಸುಳ್ಳು.

ಬಣ್ಣವೂ ಹೇಳುತ್ತದೆ. ಮಾರಾಟಕ್ಕೆ ಬಂದ ಮೊದಲ ಬಳಸಬಹುದಾದ ಬಣ್ಣದ ಫೋಟೋ ವಿಧಾನ 1907ರ ಆಟೊಕ್ರೋಮ್. 1880ರ 'ಬಣ್ಣದ ಫೋಟೋ' ಎಂದರೆ ಕೈಯಲ್ಲಿ ಬಣ್ಣ ಹಚ್ಚಿದ್ದು, ಕಂಪ್ಯೂಟರ್ ಹಚ್ಚಿದ್ದು, ಅಥವಾ ಪೂರ್ತಿ ಹುಟ್ಟಿಸಿದ್ದು.

ನಮ್ಮ ಕಡೆಯ ಚಿತ್ರಗಳಿಗೆ ಇನ್ನೊಂದು ಸುಲಭ ಪರೀಕ್ಷೆ ಬರಹ. ಅಂಗಡಿಯ ಬೋರ್ಡು, ಶಾಸನದ ಕಲ್ಲು, ಬಸ್ಸಿನ ಹಣೆ, ಎಲ್ಲಿ ಅಕ್ಷರವಿದೆಯೋ ಅಲ್ಲಿಗೆ ಝೂಮ್ ಮಾಡಿ. ಎಐ ಬರೆದ ಕನ್ನಡದಲ್ಲಿ ಒತ್ತು ತಲೆಕಟ್ಟಿನೊಳಗೆ ನುಗ್ಗಿರುತ್ತದೆ, ತೆಲುಗು ಮಲಯಾಳಂ ಬೆರೆತಂಥ ಅಕ್ಷರ ಇರುತ್ತವೆ. ದೇವಸ್ಥಾನವಾದರೆ ಕಂಬ ಎಣಿಸಿ, ಎಡಬಲ ಲೆಕ್ಕ ಕೂಡುವುದಿಲ್ಲ. ಈ ಗುರುತುಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ. ಉಳಿಯುವ ಪರೀಕ್ಷೆ ಒಂದೇ: ಯಾವ ಸಂಸ್ಥೆಯಲ್ಲಿದೆ, ಸಂಗ್ರಹ ಸಂಖ್ಯೆ ಏನು? ಎರಡಕ್ಕೂ ಉತ್ತರ ಸಿಗುವವರೆಗೆ ಆ ಚಿತ್ರವನ್ನು ಹಳೆಯದು ಎಂದು ಮುಂದೆ ಕಳಿಸಬೇಡಿ.

ಪುಸ್ತಕದ ಮುಖಪುಟಕ್ಕೆ, ಯೂಟ್ಯೂಬ್ ವಿಡಿಯೋಕ್ಕೆ ಈ ಚಿತ್ರಗಳನ್ನು ಬಳಸಬಹುದೇ?

ಪುಟದಲ್ಲಿ 'ಸಿಸಿ ಝೀರೋ' (ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ) ಅಥವಾ 'ಪಬ್ಲಿಕ್ ಡೊಮೈನ್' ಎಂದಿದ್ದರೆ ಧಾರಾಳವಾಗಿ. ದುಡ್ಡು ಮಾಡುವ ಕೆಲಸಕ್ಕೂ ಸರಿ, ಕೇಳಬೇಕಾಗಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಲ್ಲಿ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ ತಮ್ಮಲ್ಲಿನ ಹಕ್ಕುಮುಗಿದ ಕೃತಿಗಳ ಚಿತ್ರಗಳನ್ನು ಹೀಗೆ ಬಿಟ್ಟುಕೊಟ್ಟವು. ಸ್ಮಿತ್ಸೋನಿಯನ್ 2020ರ ಫೆಬ್ರುವರಿಯಲ್ಲಿ ಒಂದೇ ಸಲಕ್ಕೆ 28 ಲಕ್ಷ ಚಿತ್ರ ಹಾಗೂ ತ್ರೀಡಿ ಮಾದರಿ ಬಿಟ್ಟಿತು. ಹುಡುಕುವಾಗ 'ಓಪನ್ ಆಕ್ಸೆಸ್' ಎಂಬ ಫಿಲ್ಟರ್ ಮೊದಲೇ ಒತ್ತಿಕೊಂಡರೆ ಆಮೇಲೆ ತಲೆನೋವಿಲ್ಲ.

'ಸಿಸಿ ಬೈ' ಎಂದಿದ್ದರೆ ಹೆಸರು ಹಾಕಬೇಕು. ಜೊತೆಗೆ 'ಎನ್‌ಸಿ' ಇದ್ದರೆ ವ್ಯಾಪಾರಕ್ಕಿಲ್ಲ. ಜಾಹೀರಾತು ಬರುವ ಯೂಟ್ಯೂಬ್ ಚಾನೆಲ್ ವ್ಯಾಪಾರವೇ ಎಂದು ಹಿಡಿಯುವುದು ಕ್ಷೇಮ. 'ಎಸ್‌ಎ' ಇದ್ದರೆ ನೀವು ಅದರಿಂದ ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ಎಲ್ಲ ಮ್ಯೂಸಿಯಂಗಳೂ ಉದಾರಿಗಳಲ್ಲ. ಟಿಪ್ಪುವಿನ ಹುಲಿ ಇರುವ ಮ್ಯೂಸಿಯಂ ವ್ಯಾಪಾರಕ್ಕಲ್ಲದ ಬಳಕೆಗೆ ಸುಮ್ಮನೆ ಕೊಡುತ್ತದೆ, ವ್ಯಾಪಾರಕ್ಕೆ ದುಡ್ಡು ಕೇಳುತ್ತದೆ.

ಭಾರತದ ಕಾಯಿದೆಯ ಲೆಕ್ಕ ಹೀಗೆ: ಕರ್ತೃ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ. ಚಿತ್ರಕಾರ ಕೆ. ವೆಂಕಟಪ್ಪ ತೀರಿಕೊಂಡದ್ದು 1965ರಲ್ಲಿ. 2025ರ ಡಿಸೆಂಬರ್ 31ಕ್ಕೆ ಅವಧಿ ಮುಗಿದು, 2026ರ ಜನವರಿ 1ರಿಂದ ಅವರ ಕೃತಿಗಳು ಎಲ್ಲರವು. ಬೇಂದ್ರೆಯವರದು 1981, ಹಾಗಾಗಿ 2041ರ ಕೊನೆಯವರೆಗೆ ಹಕ್ಕು ಇದೆ. ನೆಟ್‌ನಲ್ಲಿ ಪಿಡಿಎಫ್ ಓಡಾಡುತ್ತಿದೆ ಎಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಎಂದಲ್ಲ.

ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕು. ಎಷ್ಟು ದೊಡ್ಡ ಫೈಲ್ ಬೇಕು?

ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಎ4ಕ್ಕೆ 2480×3508 ಪಿಕ್ಸೆಲ್, ಎ3ಕ್ಕೆ 3508×4961. ಗೋಡೆಯ ಚಿತ್ರವನ್ನು ನಾಲ್ಕಡಿ ದೂರದಿಂದ ನೋಡುವುದರಿಂದ ಇಂಚಿಗೆ 200 ಇದ್ದರೂ ನಡೆಯುತ್ತದೆ. ಹಾಗೆಂದು ಪುಟದಲ್ಲಿ ಕಾಣುವ ಚಿತ್ರದ ಮೇಲೆ ಬೆರಳೊತ್ತಿ 'ಸೇವ್ ಇಮೇಜ್' ಮಾಡಬೇಡಿ. ಸಿಗುವುದು ಪರದೆಗೆಂದು ಕುಗ್ಗಿಸಿದ ಪ್ರತಿ, ಸಾವಿರ ಪಿಕ್ಸೆಲ್ ಆಸುಪಾಸು. ಕೆಳಮುಖ ಬಾಣದ ಗುರುತು ಹುಡುಕಿ, ಪೂರ್ಣಗಾತ್ರದ ಫೈಲ್ ಇರುವುದು ಅದರ ಹಿಂದೆ.

ಪ್ರಿಂಟಿಂಗ್ ಅಂಗಡಿಯಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಅಂಗಡಿಯವರು 'ವಾಟ್ಸಾಪ್ ಮಾಡಿ ಸಾರ್' ಅನ್ನುತ್ತಾರೆ, ನೀವು ಫೋಟೋ ಎಂದು ಕಳಿಸುತ್ತೀರಿ, ಅಲ್ಲಿಗೆ ಚಿತ್ರ ಹಿಂಡಿಹೋಯಿತು. ಡಾಕ್ಯುಮೆಂಟ್ ಎಂದು ಕಳಿಸಿ, ಅಥವಾ ಪೆನ್‌ಡ್ರೈವ್ ಒಯ್ಯಿರಿ. ಎರಡನೆಯದು ಬಣ್ಣ. ಪರದೆಯ ಹೊಳೆಯುವ ನೀಲಿ, ಗಿಳಿಹಸಿರು ಶಾಯಿಯಲ್ಲಿ ಬರುವುದಿಲ್ಲ, ಮಂಕಾಗುತ್ತದೆ. ಫೈಲ್ 'ಅಡೋಬ್ ಆರ್‌ಜಿಬಿ' ಎಂಬ ಬಣ್ಣದ ಮಾದರಿಯಲ್ಲಿದ್ದು ಅಂಗಡಿಯ ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇನ್ನೂ ಮಂಕು. 'ಎಸ್‌ಆರ್‌ಜಿಬಿ'ಗೆ ಬದಲಿಸಿ ಕೊಡಿ. ದೊಡ್ಡದು ಹಾಕಿಸುವ ಮೊದಲು ಒಂದು ಎ4 ಮಾದರಿ ತೆಗೆಸಿ, ಬಿಸಿಲ ಬೆಳಕಿನಲ್ಲಿ ನೋಡಿ. ಮೂರನೆಯದು ಅಳತೆ: ಹಳೆಯ ಚಿತ್ರಗಳು ಎ3 ಕಾಗದದ ಪ್ರಮಾಣದಲ್ಲಿರುವುದಿಲ್ಲ, ಕಾಗದ ತುಂಬಲೆಂದು ಎಳೆದು ಹಿಗ್ಗಿಸಿದರೆ ಮುಖಗಳು ಉದ್ದವಾಗುತ್ತವೆ. ಸುತ್ತ ಬಿಳಿ ಅಂಚು ಬಿಡಿ ಎಂದು ಬಾಯಿಬಿಟ್ಟು ಹೇಳಿ. ಕಾಗದ 250ರಿಂದ 300 ಜಿಎಸ್‌ಎಂ ಮ್ಯಾಟ್ ಇರಲಿ. ಗ್ಲಾಸಿ ಹಾಕಿಸಿದರೆ ಗೋಡೆಯ ಮೇಲೆ ಟ್ಯೂಬ್‌ಲೈಟ್ ನೋಡಬೇಕಾಗುತ್ತದೆ, ಚಿತ್ರವನ್ನಲ್ಲ.

ಕನ್ನಡದ ಹಳೆಯ ಪುಸ್ತಕ ಪಿಡಿಎಫ್‌ನಲ್ಲಿದೆ. ಪದ ಹುಡುಕಿದರೆ 'ಸಿಗಲಿಲ್ಲ' ಅನ್ನುತ್ತದೆ, ಕಣ್ಣಿಗೆ ಮಾತ್ರ ಕಾಣುತ್ತಿದೆ.

ಎರಡರಲ್ಲಿ ಒಂದಾಗಿರಬೇಕು. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದರೆ ಅದು 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಜೋಡಿಸಿದ್ದು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಆಸ್ಕಿಯಿಂದ ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರೂ ಕನ್ನಡವೆಂದೇ ಓದುವ ಬಗೆಗೆ, ಬದಲಿಸುವ ಪರಿವರ್ತಕಕ್ಕೆ ಕೊಟ್ಟರೆ ಸರಿಹೋಗುತ್ತದೆ.

ಕಾಪಿಯೇ ಆಗದಿದ್ದರೆ ಅದು ಸ್ಕ್ಯಾನ್, ಅಂದರೆ ಪುಟದ ಫೋಟೋ. ಕಂಪ್ಯೂಟರಿನಲ್ಲಿ ಗೂಗಲ್ ಡ್ರೈವ್‌ಗೆ ಹಾಕಿ, ಫೈಲಿನ ಮೇಲೆ ಬಲಗುಂಡಿ ಒತ್ತಿ 'ಓಪನ್ ವಿತ್', ಅದರಲ್ಲಿ ಗೂಗಲ್ ಡಾಕ್ಸ್ ಆರಿಸಿ. ಮೇಲೆ ಚಿತ್ರ, ಕೆಳಗೆ ಅಕ್ಷರ ಬರುತ್ತದೆ. ಫೈಲ್ 2 ಎಂಬಿ ಒಳಗಿರಲಿ, ಪುಟ ನೆಟ್ಟಗಿರಲಿ. ಕನ್ನಡದಲ್ಲಿ ಅದು ಎಡವುವ ಜಾಗಗಳು ಗೊತ್ತಿರುವಂಥವೇ: ಅನುಸ್ವಾರವನ್ನು ಸೊನ್ನೆ ಎಂದೂ ಸೊನ್ನೆಯನ್ನು ಅನುಸ್ವಾರ ಎಂದೂ ಓದುತ್ತದೆ, ಪ-ವ ಅದಲುಬದಲು, ಥ-ಧ ನಡುವಿನ ಚುಕ್ಕೆ-ಸೀಳು ತಪ್ಪುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಇಸವಿ, ಪುಟಸಂಖ್ಯೆಗಳನ್ನು ಕಣ್ಣಾರೆ ತಾಳೆ ನೋಡದೆ ಬಳಸಬೇಡಿ.

ಈ ಕಷ್ಟವೇ ಇಲ್ಲದೆ ಹುಡುಕಲು ಬರುವ ಕನ್ನಡ ಬೇಕಿದ್ದರೆ 'ವಚನ ಸಂಚಯ' ತಾಣ ನೋಡಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡ್‌ನಲ್ಲಿವೆ, ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿದೆ ಎಂದು ಎಲ್ಲವನ್ನೂ ಮುಂದಿಡುತ್ತದೆ. 'ಮಡಕೆ', 'ಹಗ್ಗ', 'ಕೊಡಲಿ' ಥರದ ಕಾಯಕದ ಪದಗಳನ್ನು ಹಾಕಿ ನೋಡಿ.

ನಮ್ಮೂರ ಶಾಸನ ಓದಬೇಕು. ಎಲ್ಲಿ ಸಿಗುತ್ತದೆ?

ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳು ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಭಂಡಾರದಲ್ಲಿವೆ. ಸಂಪುಟ ಜಿಲ್ಲೆವಾರು, ಒಳಗೆ ತಾಲೂಕುವಾರು. ಪ್ರತಿ ತಾಲೂಕಿಗೆ ಎರಡಕ್ಷರದ ಗುರುತು: ಬೇಲೂರಿಗೆ ಬಿಎಲ್, ಸೊರಬಕ್ಕೆ ಎಸ್‌ಬಿ, ಶಿಕಾರಿಪುರಕ್ಕೆ ಎಸ್‌ಕೆ. ಶಾಸನದ ಪಾಠ ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇದೆ, ಇಂಗ್ಲಿಷ್ ಅನುವಾದ ಬೇರೆ ಭಾಗದಲ್ಲಿದೆ. ಒಂದೇ ಸಂಖ್ಯೆ ಹಿಡಿದು ಎಲ್ಲ ಕಡೆ ತಿರುವಬೇಕು.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿ 1972ರಿಂದ ಬರತೊಡಗಿದಾಗ ಸಂಪುಟಗಳೂ ಸಂಖ್ಯೆಗಳೂ ಬದಲಾದವು. ಲೇಖನದಲ್ಲಿ ಕೊಟ್ಟ ಸಂಖ್ಯೆ ಹಾಕಿದರೆ ಬೇರಾವುದೋ ಊರಿನ ದಾನಶಾಸನ ಬಂತೆಂದರೆ ನೀವು ಇನ್ನೊಂದು ಆವೃತ್ತಿ ತೆರೆದಿದ್ದೀರಿ.

ಬೆಂಗಳೂರಿನ ಸುತ್ತಲಿನವರಿಗೆ ಇನ್ನೂ ಒಳ್ಳೆಯದಿದೆ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ 2021ರಿಂದ ಈ ಭಾಗದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಸವೆದ ಕಲ್ಲನ್ನು ಓದಲು ಬೇಕಾದದ್ದು ಓರೆ ಬೆಳಕು. ಸಂಜೆಯ ಬಿಸಿಲಲ್ಲಿ ಅಕ್ಷರ ಎದ್ದು ಕಾಣುವುದು ಅದಕ್ಕೇ. ತ್ರೀಡಿ ಮಾದರಿಯಲ್ಲಿ ಆ ಸಂಜೆ ನಿಮ್ಮ ಕೈಯಲ್ಲೇ ಇದೆ. ಸ್ಕೆಚ್‌ಫ್ಯಾಬ್ ಥರದ ವೀಕ್ಷಕದಲ್ಲಿ ಮಾಡೆಲ್ ಇನ್ಸ್‌ಪೆಕ್ಟರ್ ತೆರೆದು ಕಲ್ಲಿನ ಬಣ್ಣ ತೆಗೆದು 'ಮ್ಯಾಟ್‌ಕ್ಯಾಪ್' ಹಾಕಿ, ಮಾದರಿಯನ್ನು ಮೆಲ್ಲಗೆ ಓರೆ ಮಾಡಿ. ಪಾಚಿ, ಸುಣ್ಣ, ಕುಂಕುಮದ ಕಲೆ ಎಲ್ಲ ಹೋಗಿ ಬರೀ ಉಬ್ಬುತಗ್ಗು ಉಳಿಯುತ್ತದೆ, ಸಾಲುಗಳು ಮೇಲೇಳುತ್ತವೆ.

ಟೆಲಿಸ್ಕೋಪಿನ ಫೋಟೋಗಳ ಬಣ್ಣ ನಿಜವೇ, ಸುಮ್ಮನೆ ಹಚ್ಚಿದ್ದೇ?

ಹಚ್ಚಿದ್ದು ಹೌದು, ಸುಮ್ಮನೆ ಅಲ್ಲ. ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್ 1995ರಲ್ಲಿ ತೆಗೆದ, 'ಪಿಲ್ಲರ್ಸ್ ಆಫ್ ಕ್ರಿಯೇಷನ್' ಎಂಬ ಅನಿಲ-ಧೂಳಿನ ಕಂಬಗಳ ಚಿತ್ರ ನೋಡಿ. ಮೂರು ಫಿಲ್ಟರ್ ಹಾಕಿ ಮೂರು ಕಪ್ಪುಬಿಳುಪು ಚಿತ್ರ ತೆಗೆದು, ಗಂಧಕದ ಬೆಳಕಿಗೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಕಣ್ಣಿಗೆ ಜಲಜನಕವೂ ಕೆಂಪು (656 ನ್ಯಾನೊಮೀಟರ್), ಗಂಧಕವೂ ಕೆಂಪು (ಸುಮಾರು 672). ಇದ್ದ ಹಾಗೇ ತೋರಿಸಿದ್ದರೆ ಎರಡೂ ಒಂದರೊಳಗೊಂದು ಕರಗಿ, ಯಾವ ಅನಿಲ ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಜೇಮ್ಸ್ ವೆಬ್ ಟೆಲಿಸ್ಕೋಪ್ ನೋಡುವುದು ಬಹುಪಾಲು ಅವಕೆಂಪು, ಕಣ್ಣಿಗೆ ಕಾಣದ ಬೆಳಕು. ಅಲ್ಲಿ ನಿಯಮ ಸರಳ: ಗಿಡ್ಡ ತರಂಗಕ್ಕೆ ನೀಲಿ, ಉದ್ದ ತರಂಗಕ್ಕೆ ಕೆಂಪು. ಕಾಮನಬಿಲ್ಲಿನ ಅದೇ ಕ್ರಮವನ್ನು ನಮಗೆ ಕಾಣುವ ಕಡೆಗೆ ಸರಿಸಿದ್ದಾರೆ.

ಯಾವ ಟೆಲಿಸ್ಕೋಪ್ ಎಂದು ಹೆಸರು ನೋಡದೆ ಹೇಳಬಹುದು. ಹೊಳೆಯುವ ನಕ್ಷತ್ರಕ್ಕೆ ಬೆಳಕಿನ ನಾಲ್ಕು ಮುಳ್ಳಿದ್ದರೆ ಹಬಲ್, ಆರು ದೊಡ್ಡ ಮುಳ್ಳು ಮತ್ತು ಅಡ್ಡಕ್ಕೆ ಎರಡು ಸಣ್ಣವಿದ್ದರೆ ವೆಬ್. ಹಬಲ್‌ನಲ್ಲಿ ಚಿಕ್ಕ ಕನ್ನಡಿಯನ್ನು ಹಿಡಿದ ನಾಲ್ಕು ಕಡ್ಡಿಗಳು ಬೆಳಕನ್ನು ಹರಡುತ್ತವೆ. ವೆಬ್‌ನಲ್ಲಿ 18 ಷಟ್ಕೋನ ಕನ್ನಡಿಗಳ ಅಂಚುಗಳಿಂದ ಆರು, ಮೂರು ಕಡ್ಡಿಗಳಿಂದ ಉಳಿದವು.

ನೀವೇ ಬಣ್ಣ ಕೂರಿಸಬೇಕೆಂದರೆ ವೆಬ್ ಮತ್ತು ಹಬಲ್‌ನ ಕಚ್ಚಾ ಚಿತ್ರಗಳು ಮಾಸ್ಟ್ ಎಂಬ ಭಂಡಾರದಲ್ಲಿ ಉಚಿತ. ಫಿಟ್ಸ್ ಎಂಬ ಫೈಲ್ ತೆರೆದ ಕೂಡಲೇ ಪೂರ್ತಿ ಕಪ್ಪು ಕಾಣುತ್ತದೆ, ಕೆಟ್ಟಿದೆ ಎಂದು ಅಳಿಸಬೇಡಿ. ಮಾಹಿತಿಯೆಲ್ಲ ಕತ್ತಲೆಯ ತುದಿಯಲ್ಲಿ ಒತ್ತಿಕೊಂಡಿರುತ್ತದೆ. ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ 'ಸ್ಟ್ರೆಚ್' ಮಾಡಿದರೆ ನೀಹಾರಿಕೆ ಹೊರಬರುತ್ತದೆ. ಚಂದ್ರಯಾನದ ಮಾಹಿತಿ ಬೇಕಿದ್ದವರು ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ 'ಪ್ರದಾನ್' ತಾಣದಲ್ಲಿ ಇಮೇಲ್ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಇಷ್ಟೆಲ್ಲ ಬೇಡ, ದಿನಕ್ಕೊಂದು ಸಾಕು ಎನ್ನುವವರಿಗೆ ನಾಸಾದ 'ಖಗೋಳ ವಿಜ್ಞಾನದ ಇಂದಿನ ಚಿತ್ರ' 1995ರ ಜೂನ್ 16ರಿಂದ ಬರುತ್ತಿದೆ, ಕೆಳಗೆ ಖಗೋಳ ವಿಜ್ಞಾನಿಗಳೇ ಬರೆದ ನಾಲ್ಕು ಸಾಲು ವಿವರಣೆ ಸಹಿತ.

ನೋಡುವುದಷ್ಟೇ ಅಲ್ಲ, ನಾವೂ ಏನಾದರೂ ಸೇರಿಸಬಹುದೇ?

ಸೇರಿಸಬಹುದು. 2007ರಲ್ಲಿ ಗ್ಯಾಲಕ್ಸಿ ಝೂ ಎಂಬ ಯೋಜನೆಯಲ್ಲಿ ಗೆಲಾಕ್ಸಿಗಳ ಆಕಾರ ಗುರುತಿಸುತ್ತಿದ್ದ ಡಚ್ ಶಾಲಾಶಿಕ್ಷಕಿ ಹ್ಯಾನಿ ಫಾನ್ ಆರ್ಕೆಲ್ ಒಂದು ವಿಚಿತ್ರ ಮಸುಕು ಕಲೆ ಕಂಡು 'ಇದೇನು?' ಎಂದು ಕೇಳಿದರು. ಯಾರಿಗೂ ಗೊತ್ತಿರದ ಹೊಸ ಬಗೆಯ ವಸ್ತು ಅದು. ಈಗ ಅದಕ್ಕೆ ಅವರದೇ ಹೆಸರು. ಆ ಯೋಜನೆಯೇ ಬೆಳೆದು, ಯಾರು ಬೇಕಾದರೂ ಸಂಶೋಧನೆಗೆ ಕೈಜೋಡಿಸಬಹುದಾದ ಝೂನಿವರ್ಸ್ ತಾಣವಾಗಿದೆ.

ಗಿಡ, ಹುಳ, ಕಪ್ಪೆ ಇಷ್ಟಪಡುವವರಿಗೆ ಐನ್ಯಾಚುರಲಿಸ್ಟ್ ಎಂಬ ತಾಣ, ಕಂಡ ಜೀವಿಯ ಫೋಟೋ ಹಾಕಿದರೆ ಉಳಿದವರು ಗುರುತಿಸುತ್ತಾರೆ. ಒಂದು ಹೂವಿನ ಫೋಟೋ ಹಾಕಿ 'ಯಾವುದಿದು' ಅಂದರೆ ಗುರುತಿಸುವುದು ಕಷ್ಟ. ಹೂವು, ಎಲೆಯ ಮೇಲ್ಮೈ, ಎಲೆಯ ಅಡಿ, ತೊಗಟೆ, ಇಡೀ ಗಿಡ, ಹೀಗೆ ನಾಲ್ಕೈದು ಕೊಡಿ. ದಿನಾಂಕ, ಜಾಗ, ಫೋಟೋ ಇದ್ದು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದವೆಂದು ಒಪ್ಪಿದರೆ ದಾಖಲೆ 'ರಿಸರ್ಚ್ ಗ್ರೇಡ್' ಆಗುತ್ತದೆ, ಸಂಶೋಧಕರು ಬಳಸುತ್ತಾರೆ. ಮನೆಯ ಕುಂಡದ ಗಿಡವನ್ನು 'ಬೆಳೆಸಿದ್ದು' ಎಂದು ಗುರುತು ಮಾಡದೆ ಹಾಕುವುದು ಸಾಮಾನ್ಯ ತಪ್ಪು. ಕಾಡಿನಲ್ಲಿ ಸೀತಾಳೆದಂಡೆಯಂಥ ಕಳ್ಳರ ಕಣ್ಣಿರುವ ಗಿಡ ಕಂಡರೆ ಜಾಗವನ್ನು 'ಅಬ್‌ಸ್ಕ್ಯೂರ್ಡ್' ಮಾಡಿ. ಆಗ ನಿಖರ ಜಾಗದ ಬದಲು ಅಕ್ಷಾಂಶ ರೇಖಾಂಶದ 0.2 ಡಿಗ್ರಿಯ ಚೌಕ, ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್ ಅಗಲದ್ದು, ಮಾತ್ರ ಕಾಣುತ್ತದೆ. ನಿಮ್ಮ ಕಡೆ ಆ ಗಿಡಕ್ಕೆ ಏನನ್ನುತ್ತಾರೋ ಆ ಕನ್ನಡ ಹೆಸರನ್ನೂ ಸೇರಿಸಿ, ಎಷ್ಟೋ ಪ್ರಭೇದಗಳಿಗೆ ಇನ್ನೂ ಯಾರೂ ಹಾಕಿಲ್ಲ.

ಹಳೆಯ ಗ್ರಾಮಫೋನ್ ಹಾಡುಗಳು?

ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಸೌಂಡ್‌ಕ್ಲೌಡ್‌ನಲ್ಲಿ ಕೇಳಿಸುತ್ತದೆ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಬೇಕಾದಷ್ಟಿವೆ. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷವಷ್ಟೇ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವವರು ಆಲಾಪ, ಹಾಡು, ಸ್ವರ ಎಲ್ಲ ಅದರೊಳಗೆ ಹೇಗೆ ಇಳಿಸಿದ್ದಾರೆ ಎಂಬುದನ್ನು ಗಮನಿಸಿ ಕೇಳಿ.

ಬುಕ್‌ಮಾರ್ಕ್ ಮಾಡಿದ ಪುಟ ಮಾಯವಾಗಿದೆ. ಏನು ಮಾಡುವುದು?

ದೊಡ್ಡ ಸಂಸ್ಥೆ ಎಂದು ನಂಬಿ ಕೂರಬೇಡಿ. 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಬ್ರಿಟಿಷ್ ಲೈಬ್ರರಿಯ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಸಿಗಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಇಂಟರ್‌ನೆಟ್ ಆರ್ಕೈವ್ ಕೂಡ ಕೆಲವು ದಿನ ಬಿದ್ದಿತ್ತು.

ಹೋದ ಪುಟದ ವಿಳಾಸವನ್ನು ವೇಬ್ಯಾಕ್ ಮಷೀನ್‌ಗೆ ಕೊಟ್ಟು ನೋಡಿ, ಹಳೆಯ ಪ್ರತಿ ಇರಬಹುದು. ಮುಂದಕ್ಕೆ, ಇಷ್ಟವಾದ ಪುಟವನ್ನು ಅಲ್ಲೇ 'ಸೇವ್ ಪೇಜ್ ನೌ'ನಲ್ಲಿ ಉಳಿಸಿ. ಜೊತೆಗೆ ಒಂದು ಶೀಟ್ ಇಟ್ಟುಕೊಳ್ಳಿ: ಹೆಸರು, ಕಲಾವಿದ, ಇಸವಿ, ಸಂಸ್ಥೆ, ಸಂಗ್ರಹ ಸಂಖ್ಯೆ, ಪರವಾನಗಿ, ಕೊಂಡಿ, ನೋಡಿದ ದಿನ. ಸೈಟು ಹೊಸದು ಮಾಡಿದಾಗ ಕೊಂಡಿಗಳೆಲ್ಲ ಬದಲಾಗುತ್ತವೆ, ಸಂಗ್ರಹ ಸಂಖ್ಯೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಅದು ವಸ್ತುವಿನ ಮೈಮೇಲೇ ಬರೆದಿರುತ್ತದೆ. ಡೌನ್‌ಲೋಡ್ ಮಾಡಿದ ಫೈಲಿಗೂ ಅದೇ ಸಂಖ್ಯೆಯ ಹೆಸರಿಡಿ. 'ಡೌನ್‌ಲೋಡ್ (14)' ಎಂಬ ಫೈಲ್ ಏನೆಂದು ಆರು ತಿಂಗಳ ಮೇಲೆ ಯಾರಿಗೂ ಹೇಳಲು ಬರುವುದಿಲ್ಲ.

ಹೊಸದು ಬಂದದ್ದು ತಿಳಿಯುವುದು ಹೇಗೆ? ಫಾಲೋ ಮಾಡಿದರೂ ಫೀಡಿನಲ್ಲಿ ಬರುವುದೇ ಇಲ್ಲ.

ಫೀಡ್ ಅದರ ಇಷ್ಟದಂತೆ ಆರಿಸುತ್ತದೆ, ನಿಮ್ಮ ಇಷ್ಟದಂತಲ್ಲ. ಫೀಡ್ಲಿ ಅಥವಾ ಇನೊರೀಡರ್ ಎಂಬ ಆ್ಯಪ್ ಹಾಕಿಕೊಂಡು ಐದಾರು ತಾಣಗಳ ಆರ್‌ಎಸ್‌ಎಸ್ ಕೊಂಡಿ (ತಾಣದಲ್ಲಿ ಹೊಸದಾಗಿ ಬಂದದ್ದರ ಪಟ್ಟಿ) ಸೇರಿಸಿ, ಬಂದದ್ದೆಲ್ಲ ಬಂದ ಕ್ರಮದಲ್ಲೇ ಕಾಣುತ್ತದೆ. ಮೂವತ್ತು ಸೇರಿಸಿದರೆ ಅದೂ ಓದದ ಪತ್ರಗಳ ರಾಶಿಯಾಗುತ್ತದೆ. ತಿಂಗಳು ತೆರೆಯದ ತಾಣವನ್ನು ತೆಗೆದುಹಾಕಿ.